‘ಎಂ.ಪಿ. ಪಾಸಿಟಿವ್’ ಎಂದಷ್ಟೇ ಬರೆದರೆ ಸಾಲದು

ಮಾನ್ಯ ಸಂಪಾದಕರೇ,

ಮಳೆ ಹಿಡಿದ ಮೇಲೆ ಮಂಗಳೂರಿನಲ್ಲಿ ಜ್ವರ ಬಂದವರಿಗೆ ಮೊದಲು ಮಲೇರಿಯಾ ಪರೀಕ್ಷೆ ಮಾಡಿಸುವುದು ರೂಢಿ. ಇತ್ತೀಚೆಗೆ ನೆರೆಮನೆಯ ಹುಡುಗನ ವರದಿ ನನ್ನ ಕೈಗೆ ಬಂತು. ಅದರಲ್ಲಿ ‘ಎಂ.ಪಿ. ಪಾಸಿಟಿವ್’ (ಮಲೇರಿಯಾ ಪರಾವಲಂಬಿ ಇದೆ) ಎಂದಿತ್ತೇ ಹೊರತು ಪರಾವಲಂಬಿ ಯಾವ ಜಾತಿಯದು, ಯಾವ ಹಂತದಲ್ಲಿದೆ, ಎಷ್ಟಿದೆ ಎಂಬ ಬಗ್ಗೆ ಒಂದಕ್ಷರವೂ ಇರಲಿಲ್ಲ. ವರ್ಷಗಟ್ಟಲೆ ಪ್ರಯೋಗಾಲಯದಲ್ಲಿ ಸ್ಲೈಡ್ ನೋಡಿದವಳಾದ ನನಗೆ ಇದನ್ನು ಕಂಡು ಸುಮ್ಮನಿರಲಾಗಲಿಲ್ಲ.

ಸ್ಲೈಡಿನ ಮೇಲೆ ರಕ್ತವನ್ನು ತೆಳುವಾಗಿ ಸವರಿ ಮಾಡಿದ, ಚೆನ್ನಾಗಿ ಬಣ್ಣ ಹಿಡಿದ ತೆಳು ಲೇಪದಲ್ಲಿ ಪರಾವಲಂಬಿಯ ವೈವಾಕ್ಸ್ ಮತ್ತು ಫಾಲ್ಸಿಪಾರಂ ಜಾತಿಗಳ ವ್ಯತ್ಯಾಸ ಎದ್ದು ಕಾಣುತ್ತದೆ. ವೈವಾಕ್ಸ್ ಹೊಕ್ಕ ಕೆಂಪು ರಕ್ತಕಣ ಪಕ್ಕದ ಕಣಗಳಿಗಿಂತ ಉಬ್ಬಿಕೊಂಡು, ಮೈತುಂಬ ನಸುಗೆಂಪು ಚುಕ್ಕೆಗಳನ್ನು ಹೊತ್ತಿರುತ್ತದೆ; ಎಳೆಯ ಉಂಗುರ, ಅಂಕುಡೊಂಕಾಗಿ ಹರಡಿದ ಟ್ರೋಫೋಜಾಯಿಟ್ (ಬೆಳೆಯುತ್ತಿರುವ ಹಂತ), 12ರಿಂದ 24 ಮರಿ ಪರಾವಲಂಬಿಗಳನ್ನು, ಅಂದರೆ ಮೀರೊಜಾಯಿಟ್‌ಗಳನ್ನು ತುಂಬಿಕೊಂಡ ಸೈಜಾಂಟ್ (ಒಡೆಯಲಿರುವ ಬಲಿತ ಹಂತ) ಎಲ್ಲವೂ ಒಂದೇ ಸ್ಲೈಡಿನಲ್ಲಿ ಸಿಗಬಹುದು. ಫಾಲ್ಸಿಪಾರಂ ಹಾಗಲ್ಲ. ಕಣ ಹಿಗ್ಗುವುದಿಲ್ಲ, ಒಂದೇ ಕಣದಲ್ಲಿ ಎರಡು ಮೂರು ನವುರಾದ ಉಂಗುರಗಳಿರಬಹುದು, ಕೆಲವು ಕಣದ ಅಂಚಿಗೇ ಅಂಟಿಕೊಂಡಿರುತ್ತವೆ. ಅದರ ಬೆಳೆದ ಹಂತಗಳು ಒಳಾಂಗಗಳ ಕಿರು ರಕ್ತನಾಳಗಳಲ್ಲಿ ಕಚ್ಚಿಕೊಂಡು ಉಳಿಯುವುದರಿಂದ, ಬೆರಳಿನಿಂದ ತೆಗೆದ ರಕ್ತದಲ್ಲಿ ಸಾಮಾನ್ಯವಾಗಿ ಉಂಗುರಗಳು ಮತ್ತು ಸೊಳ್ಳೆಗೆ ದಾಟುವ ಹಂತವಾದ ಬಾಳೆಹಣ್ಣಿನಾಕಾರದ ಗ್ಯಾಮಿಟೊಸೈಟ್‌ಗಳಷ್ಟೇ ಕಾಣುತ್ತವೆ. ಅಲ್ಲಿ ಸೈಜಾಂಟ್ ಕಂಡಿತೆಂದರೆ ಅದು ಅಪಾಯದ ಸೂಚನೆ, ಆ ಕ್ಷಣವೇ ವೈದ್ಯರಿಗೆ ಫೋನ್ ಮಾಡಬೇಕು. ಚಿಕಿತ್ಸೆ ಮುಗಿದ ಮೇಲೆ ಗ್ಯಾಮಿಟೊಸೈಟ್ ಮಾತ್ರ ಉಳಿದಿದ್ದರೆ ಔಷಧ ಸೋತಿದೆ ಎಂದರ್ಥವಲ್ಲ. ಹಂತ ಬರೆಯದ ವರದಿಯಲ್ಲಿ ಈ ಎರಡೂ ಒಂದೇ ‘ಪಾಸಿಟಿವ್’ ಆಗಿಬಿಡುತ್ತವೆ.

ಕೊಡಬೇಕಾದ ಮಾತ್ರೆಯೂ ಜಾತಿಯನ್ನು ಅವಲಂಬಿಸಿದೆ. ವೈವಾಕ್ಸ್ ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ನಂತರ ಮರುಕಳಿಸುವುದರಿಂದ ಕ್ಲೋರೋಕ್ವಿನ್ ಜೊತೆಗೆ 14 ದಿನ ಪ್ರೈಮಾಕ್ವಿನ್ ಕೊಡಬೇಕಾಗುತ್ತದೆ. ಫಾಲ್ಸಿಪಾರಂಗೆ ಆರ್ಟೆಮಿಸಿನಿನ್ ಸಂಯೋಜಿತ ಔಷಧ, ಪ್ರೈಮಾಕ್ವಿನ್ ಒಂದೇ ಡೋಸ್. ಕಿಟ್ ಪರೀಕ್ಷೆ ಬೇಗ ಉತ್ತರ ಕೊಡುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಹಂತವನ್ನು ಹೇಳದು, ಫಾಲ್ಸಿಪಾರಂ ಗುಣವಾದ ಮೇಲೂ ಕೆಲವು ಕಿಟ್‌ಗಳು ವಾರಗಟ್ಟಲೆ ಪಾಸಿಟಿವ್ ತೋರಿಸುತ್ತವೆ.

ಆದ್ದರಿಂದ ಜಾತಿ, ಹಂತ, ಪ್ರಮಾಣ ಈ ಮೂರನ್ನೂ ಬರೆಯದ ಮಲೇರಿಯಾ ವರದಿಯನ್ನು ಖಾಸಗಿ ಪ್ರಯೋಗಾಲಯಗಳು ಕೊಡದಂತೆ ಆರೋಗ್ಯ ಇಲಾಖೆ ಸೂಚಿಸಬೇಕು. ರಕ್ತದ ಹನಿಯನ್ನು ದಪ್ಪಗೆ ಹರಡಿದ ದಪ್ಪ ಲೇಪದಲ್ಲಿ ಕನಿಷ್ಠ 100 ಕ್ಷೇತ್ರ (ಸೂಕ್ಷ್ಮದರ್ಶಕದಲ್ಲಿ ಒಮ್ಮೆಗೆ ಕಾಣುವಷ್ಟು ಜಾಗ) ನೋಡದೆ ‘ನೆಗೆಟಿವ್’ ಎನ್ನಲೂ ಬಾರದು. ಕೈಯಲ್ಲಿರುವ ಸ್ಲೈಡಿಗೆ ಇನ್ನು ಕೆಲವು ನಿಮಿಷ ಕೊಟ್ಟರೆ ಆಗುವ ಕೆಲಸವಿದು.

ನೆರೆಮನೆಯವರಿಗೆ ಅದೇ ಸ್ಲೈಡನ್ನು ಕೇಳಿ ಪಡೆದು ಬೇರೆಡೆ ತೋರಿಸಲು ಹೇಳಿದೆ. ವೈವಾಕ್ಸ್ ಎಂದು ತಿಳಿಯಿತು. ಹುಡುಗನ 14 ದಿನಗಳ ಮಾತ್ರೆ ಶುರುವಾದದ್ದು ಜ್ವರ ಬಂದ ಒಂಬತ್ತನೆಯ ದಿನ.

– ನಿವೃತ್ತ ಪ್ರಯೋಗಾಲಯ ತಂತ್ರಜ್ಞೆ, ಮಂಗಳೂರು