ರಬ್ಬಿ ರೆಗೀನಾ ಯೋನಾಸ್ ಒಪ್ಪಿಸಿಹೋದ ಕಾಗದಗಳು

ಕಳೆದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ನಮ್ಮ ಸಂಘದ ಹಳೆಯ ಕಡತಗಳ ಮಾತು ಬಂದಿತ್ತು. ಮಾಜಿ ಕಾರ್ಯದರ್ಶಿಯೊಬ್ಬರ ಮನೆಯ ನೆಲಮಾಳಿಗೆಯಲ್ಲಿ ಮೂರು ರಟ್ಟಿನ ಪೆಟ್ಟಿಗೆಗಳು ಕುಳಿತಿವೆ. ಅವರು ಮನೆ ಬದಲಾಯಿಸುತ್ತಿದ್ದಾರೆ. "ಬೇಕಾದದ್ದನ್ನು ಸ್ಕ್ಯಾನ್ ಮಾಡಿ ಉಳಿದದ್ದನ್ನು ಎಸೆದುಬಿಡೋಣ" ಎಂದು ಒಬ್ಬರು ಹೇಳಿದರು. ಬೇಕಾದದ್ದು ಯಾವುದೆಂದು ಇವತ್ತೇ ತೀರ್ಮಾನಿಸಬಲ್ಲೆವೇ ಎಂದು ಯೋಚಿಸುತ್ತಿದ್ದಾಗ, ಬರ್ಲಿನ್ನಿನಲ್ಲಿರುವ ಬೇರೊಂದು ಸಮುದಾಯದ ಕಾಗದದ ಕಟ್ಟು ನನಗೆ ನೆನಪಾಯಿತು. ಈ ಸಂಚಿಕೆಯ ಸಂಪಾದಕೀಯವನ್ನು ಅದಕ್ಕೇ ಮೀಸಲಿಡುತ್ತಿದ್ದೇನೆ.

ಬರ್ಲಿನ್ನಿನ ಒರಾನಿಯೆನ್‌ಬುರ್ಗರ್ ಬೀದಿಯಲ್ಲಿ, 1866ರಲ್ಲಿ ಬಾಗಿಲು ತೆರೆದ, ಹೊನ್ನಿನ ಗುಮ್ಮಟದ ಯಹೂದಿ ಪ್ರಾರ್ಥನಾ ಮಂದಿರವಿದೆ. ಯುದ್ಧದ ನಂತರ ಅದರಲ್ಲಿ ಉಳಿದ ಭಾಗವನ್ನು ದುರಸ್ತಿ ಮಾಡಿ ಸೆಂಟ್ರುಮ್ ಯುಡಾಯಿಕುಮ್ ಎಂಬ ಸಂಸ್ಥೆಗೆ ನೆಲೆ ಮಾಡಿಕೊಟ್ಟಿದ್ದಾರೆ. ಆ ಸಂಸ್ಥೆಯ ಪತ್ರಾಗಾರದಲ್ಲಿ ರೆಗೀನಾ ಯೋನಾಸ್ ಎಂಬ ಮಹಿಳೆಯ ಖಾಸಗಿ ಕಾಗದಪತ್ರಗಳಿವೆ: ಶಾಲಾ ಶಿಕ್ಷಕಿಯಾಗಿ ಪಡೆದ ಅರ್ಹತಾಪತ್ರಗಳು, ಒಂದು ಪ್ರಬಂಧ, ರಬ್ಬಿ (ಯಹೂದಿ ಧರ್ಮಗುರು) ದೀಕ್ಷೆಯ ಪ್ರಮಾಣಪತ್ರ, ಅವರಿಗೆ ಬಂದ ಪತ್ರಗಳು, ಪತ್ರಿಕೆಗಳಿಂದ ಕತ್ತರಿಸಿಟ್ಟ ಸುದ್ದಿಗಳು, ನಿಲುವಂಗಿ ತೊಟ್ಟು ತೆಗೆಸಿಕೊಂಡ ಭಾವಚಿತ್ರ. ಒಂದು ಜೀವಮಾನಕ್ಕೆ ಇದು ಬಹಳವೇನಲ್ಲ. ಆದರೆ ಈ ಕಟ್ಟು ಇಲ್ಲದೆ ಹೋಗಿದ್ದರೆ, ಜಗತ್ತಿನಲ್ಲಿ ರಬ್ಬಿ ದೀಕ್ಷೆ ಪಡೆದ ಮೊದಲ ಮಹಿಳೆ ಯಾರೆಂಬ ಪ್ರಶ್ನೆಗೆ ನಾವು ಇಂದಿಗೂ ತಪ್ಪು ಉತ್ತರವನ್ನೇ ಕೊಡುತ್ತಿದ್ದೆವು.

ಯೋನಾಸ್ ಹುಟ್ಟಿದ್ದು 1902ರ ಆಗಸ್ಟ್ 3ರಂದು, ಬರ್ಲಿನ್ನಿನ ಬಡ ಯಹೂದಿಗಳು ಹೆಚ್ಚಾಗಿ ವಾಸಿಸುತ್ತಿದ್ದ ಬಡಾವಣೆಯಲ್ಲಿ. ವ್ಯಾಪಾರಿಯಾಗಿದ್ದ ತಂದೆ ಇವರಿಗೆ ಹನ್ನೊಂದು ವರ್ಷವಾಗಿದ್ದಾಗ ತೀರಿಕೊಂಡರು. ತಾಯಿ ಸಾರಾ ಮಗನನ್ನೂ ಮಗಳನ್ನೂ ಕಷ್ಟದಲ್ಲಿ ಬೆಳೆಸಿದರು. ಶಿಕ್ಷಕಿಯ ಅರ್ಹತೆ ಪಡೆದು ಹೆಣ್ಣುಮಕ್ಕಳ ಶಾಲೆಗಳಲ್ಲಿ ಧರ್ಮಪಾಠ ಹೇಳುತ್ತಲೇ ಯೋನಾಸ್ ಬರ್ಲಿನ್ನಿನ ಯಹೂದಿ ಅಧ್ಯಯನದ ಉನ್ನತ ವಿದ್ಯಾಲಯವನ್ನು ಸೇರಿದರು. ಅಲ್ಲಿ ಬೇರೆ ಹೆಣ್ಣುಮಕ್ಕಳೂ ಓದುತ್ತಿದ್ದರು, ಆದರೆ ಅವರ ಗುರಿ ಶಿಕ್ಷಕಿಯರಾಗುವುದಾಗಿತ್ತು. ರಬ್ಬಿಯಾಗಬೇಕೆಂದು ಬಂದವರು ಯೋನಾಸ್ ಒಬ್ಬರೇ. ರಬ್ಬಿ ಎಂದರೆ ನಮ್ಮ ದೇವಸ್ಥಾನದ ಅರ್ಚಕರಂತೆ ಅಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಶಾಸ್ತ್ರ ಓದಿದವರು, ಅದರ ಆಧಾರದ ಮೇಲೆ ಸಂಶಯಗಳಿಗೆ ತೀರ್ಪು ಹೇಳುವವರು, ಸಮುದಾಯಕ್ಕೆ ಪಾಠ ಮಾಡುವವರು, ಕಾಯಿಲೆಯವರ ಹಾಸಿಗೆಯ ಬಳಿ ಕೂರುವವರು ರಬ್ಬಿಗಳು.

1930ರಲ್ಲಿ ಅವರು ಒಪ್ಪಿಸಿದ ಪ್ರಬಂಧದ ಹೆಸರೇ ಒಂದು ಪ್ರಶ್ನೆ: ಹೆಣ್ಣು ರಬ್ಬಿಯ ಪದವಿಯನ್ನು ವಹಿಸಬಹುದೇ? ಕಾಲ ಬದಲಾಗಿದೆ, ಹಳೆಯ ಶಾಸ್ತ್ರವನ್ನು ಬದಿಗಿಡಿ ಎಂದು ಬರೆಯುವುದು ಸುಲಭದ ದಾರಿಯಾಗಿತ್ತು. ಅವರು ಆ ದಾರಿ ಹಿಡಿಯದೆ ತಾಲ್ಮುದ್ ಮೊದಲಾದ ಶಾಸ್ತ್ರಗ್ರಂಥಗಳ ಒಳಗೇ ಹೊಕ್ಕು, ಅಲ್ಲಿನ ವಾಕ್ಯಗಳನ್ನೇ ಎದುರಿಗಿಟ್ಟುಕೊಂಡು ವಾದಿಸಿದರು. ಪೂರ್ವಗ್ರಹ ಮತ್ತು ರೂಢಿಯಿಲ್ಲದಿರುವುದು, ಇವೆರಡನ್ನು ಬಿಟ್ಟರೆ ಹೆಣ್ಣು ರಬ್ಬಿಯಾಗುವುದಕ್ಕೆ ಶಾಸ್ತ್ರದಲ್ಲಿ ಹೆಚ್ಚುಕಡಿಮೆ ಯಾವ ಅಡ್ಡಿಯೂ ಇಲ್ಲ ಎಂಬುದು ಅವರು ಮುಟ್ಟಿದ ನಿರ್ಣಯ. ಪ್ರಬಂಧವನ್ನು ಮೆಚ್ಚಿದ ತಾಲ್ಮುದ್ ಪ್ರಾಧ್ಯಾಪಕ ಎಡ್ವರ್ಡ್ ಬಾನೆಟ್ ಅದೇ ವರ್ಷ ತೀರಿಕೊಂಡರು. ಅವರ ಜಾಗಕ್ಕೆ ಬಂದವರು ದೀಕ್ಷೆ ಕೊಡಲು ಒಪ್ಪಲಿಲ್ಲ. ಜರ್ಮನಿಯ ಯಹೂದಿಗಳೆಲ್ಲ ಗೌರವಿಸುತ್ತಿದ್ದ ರಬ್ಬಿ ಲಿಯೊ ಬೆಕ್ ಕೂಡ ಆಗ ಮುಂದೆ ಬರಲಿಲ್ಲ. ಧರ್ಮ ಬೋಧಿಸುವ ಶಿಕ್ಷಕಿ ಎಂಬ ಪದವಿಯನ್ನಷ್ಟೇ ಹಿಡಿದು ಯೋನಾಸ್ ಹೊರಬಂದರು. ಉದಾರವಾದಿ ರಬ್ಬಿಗಳ ಸಂಘದ ಪರವಾಗಿ ಆಫೆನ್‌ಬಾಖ್‌ನ ರಬ್ಬಿ ಮಾಕ್ಸ್ ಡೀನೆಮಾನ್ ಅವರು ಯೋನಾಸ್‌ರನ್ನು ಪರೀಕ್ಷಿಸಿ, ಶಾಸ್ತ್ರದ ಪ್ರಶ್ನೆಗಳಿಗೆ ಉತ್ತರಿಸಬಲ್ಲರು, ರಬ್ಬಿಯ ಪದವಿಗೆ ಯೋಗ್ಯರು ಎಂದು ಬರೆದುಕೊಟ್ಟದ್ದು 1935ರ ಡಿಸೆಂಬರಿನಲ್ಲಿ. ಬೆಕ್ ಆ ಪ್ರಮಾಣಪತ್ರಕ್ಕೆ ತಮ್ಮ ಸಹಿ ಸೇರಿಸಿದ್ದು 1942ರ ಫೆಬ್ರವರಿ 6ರಂದು. ಆ ಎರಡು ತಾರೀಖುಗಳ ನಡುವಿನ ಆರು ವರ್ಷಗಳಲ್ಲಿ ಬರ್ಲಿನ್ನಿನ ಯಹೂದಿ ಸಮುದಾಯ ಬಹುಮಟ್ಟಿಗೆ ಕರಗಿಹೋಗಿತ್ತು.

ದೀಕ್ಷೆ ಸಿಕ್ಕಿತೆಂದು ಪೀಠ ಸಿಗಲಿಲ್ಲ. 1937ರಿಂದ ಬರ್ಲಿನ್ ಸಮುದಾಯ ಅವರನ್ನು ಧರ್ಮಶಿಕ್ಷಕಿಯಾಗಿ ನೇಮಿಸಿಕೊಂಡು, ಆಸ್ಪತ್ರೆ ಮತ್ತು ವೃದ್ಧಾಶ್ರಮಗಳಲ್ಲಿ ಸಾಂತ್ವನದ ಕೆಲಸವನ್ನು ಒಪ್ಪಿಸಿತು. ಜನ ಅವರನ್ನು "ಫ್ರಾಯ್ಲೈನ್ ರಬ್ಬಿನರ್ ಯೋನಾಸ್" ಎಂದು ಕರೆಯುತ್ತಿದ್ದರು. ನಮ್ಮ ಬಾಯಲ್ಲಿ ಹೇಳುವುದಾದರೆ ಕುಮಾರಿ ರಬ್ಬಿ ಎಂದಂತೆ. ನಾಜಿಗಳ ಕಿರುಕುಳಕ್ಕೆ ಸಿಕ್ಕಿ ರಬ್ಬಿಗಳು ಒಬ್ಬೊಬ್ಬರಾಗಿ ದೇಶ ಬಿಟ್ಟಾಗ ಅಥವಾ ಬಂಧನಕ್ಕೊಳಗಾದಾಗ, ರಬ್ಬಿಯೇ ಇಲ್ಲದಂತಾದ ಊರುಗಳಿಗೆ ಹೋಗಿ ಪ್ರವಚನ ಮಾಡುವ ಹೊಣೆ ಇವರ ಮೇಲೆ ಬಿತ್ತು. ಗಂಡಸರಿದ್ದಾಗ ಕೊಡದ ಪೀಠವನ್ನು, ಗಂಡಸರು ಉಳಿಯದಿದ್ದಾಗ ಕೊಟ್ಟರು ಎಂದು ಬರೆಯಲು ನನ್ನ ಕೈ ಮುಂದಾಗುತ್ತದೆ. ಆದರೆ ಆ ಹೊತ್ತಿನ ಜನರ ಸಂಕಟವನ್ನು ನೆನೆದರೆ ಅಷ್ಟು ಖಾರವಾಗಿ ಬರೆಯುವ ಹಕ್ಕು ನನಗಿಲ್ಲವೆನಿಸುತ್ತದೆ.

ಕಟ್ಟಿನಲ್ಲಿರುವ ಪತ್ರಗಳ ಪೈಕಿ ಹ್ಯಾಂಬರ್ಗ್‌ನ ರಬ್ಬಿ ಜೋಸೆಫ್ ನಾರ್ಡನ್ ಬರೆದವು ಪ್ರೇಮಪತ್ರಗಳು. ನಾರ್ಡನ್ ವಿಧುರರು, ಯೋನಾಸ್‌ಗಿಂತ ಮೂವತ್ತಕ್ಕೂ ಹೆಚ್ಚು ವರ್ಷ ಹಿರಿಯರು; 1943ರಲ್ಲಿ ನಾಜಿಗಳ ಟೆರೇಜಿಯನ್‌ಷ್ಟಾಟ್ ಬಂದಿ ಶಿಬಿರದಲ್ಲಿ ತೀರಿಕೊಂಡರು. ಇನ್ನೊಬ್ಬರ ಒಲವಿನ ಕಾಗದಗಳನ್ನು ಬಿಡಿಸಿ ಓದುವುದು ಸರಿಯೇ ಎಂಬ ಮುಜುಗರ ನನಗೂ ಇದೆ. ಆದರೆ ಅವನ್ನು ಹರಿದುಹಾಕದೆ ದೀಕ್ಷಾಪತ್ರದ ಜೊತೆಗೇ ಇಟ್ಟವರು ಯೋನಾಸ್. ಮದುವೆಯಾಗದೆ, ವೃತ್ತಿಯೊಂದನ್ನೇ ನೆಚ್ಚಿ ಬದುಕಿದವರೆಂದು ನಾವು ಕೆತ್ತಬಹುದಾಗಿದ್ದ ಕಲ್ಲಿನ ಪ್ರತಿಮೆಗೆ ಆ ಪತ್ರಗಳು ಅವಕಾಶ ಕೊಡುವುದಿಲ್ಲ. ನಮ್ಮ ಸಮಿತಿಯವರು "ಬೇಕಾದದ್ದು" ಎಂದು ಆರಿಸಲು ಕೂತಿದ್ದರೆ ಪ್ರಮಾಣಪತ್ರವನ್ನು ಖಂಡಿತ ಉಳಿಸುತ್ತಿದ್ದರು. ಈ ಪತ್ರಗಳು ಕಸದ ಬುಟ್ಟಿಗೆ ಹೋಗುತ್ತಿದ್ದವೇನೋ.

1942ರಲ್ಲಿ ಅವರನ್ನು ಕಾರ್ಖಾನೆಯ ಬಲವಂತದ ದುಡಿಮೆಗೆ ಹಚ್ಚಲಾಯಿತು. ನವೆಂಬರಿನ ಮೊದಲ ದಿನಗಳಲ್ಲಿ ತಮ್ಮ ಸೊತ್ತನ್ನೆಲ್ಲ, ಪುಸ್ತಕಗಳನ್ನೂ ಸೇರಿಸಿ, ಪಟ್ಟಿ ಮಾಡಿಕೊಡುವ ಸರ್ಕಾರಿ ನಮೂನೆಯನ್ನು ಅವರೇ ತುಂಬಬೇಕಾಯಿತು. ಎರಡು ದಿನಗಳಲ್ಲಿ ಆ ಸೊತ್ತು ಜಪ್ತಿಯಾಯಿತು. ನವೆಂಬರ್ 6ರಂದು ತಾಯಿಯೊಡನೆ ಅವರನ್ನು ಟೆರೇಜಿಯನ್‌ಷ್ಟಾಟ್‌ಗೆ ಸಾಗಿಸಿದರು. ಹೊರಡುವ ಮುನ್ನ ತಮ್ಮ ಕಾಗದಗಳನ್ನು ಅವರು ಯಹೂದಿ ಸಮುದಾಯದ ವಶಕ್ಕೆ ಒಪ್ಪಿಸಿದ್ದರು. ಯುದ್ಧದ ನಂತರ ಅವು ಪೂರ್ವ ಜರ್ಮನಿಯ ಪತ್ರಾಗಾರದಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದವು. ಬರ್ಲಿನ್ ಗೋಡೆ ಬಿದ್ದ ಮೇಲೆ, 1991ರಲ್ಲಿ, 1930ರ ದಶಕದಲ್ಲಿ ಧರ್ಮಗುರುಗಳಾಗಲು ಬಯಸಿದ ಹೆಂಗಸರ ಬಗ್ಗೆ ಜರ್ಮನಿಯ ಧಾರ್ಮಿಕ ವಲಯ ಯಾವ ನಿಲುವು ತಾಳಿತ್ತೆಂದು ಅಧ್ಯಯನ ಮಾಡುತ್ತಿದ್ದ ಕಾಟರೀನಾ ಫಾನ್ ಕೆಲೆನ್‌ಬಾಖ್ ಎಂಬ ವಿದ್ವಾಂಸೆ ಆ ಕಟ್ಟನ್ನು ಬಿಚ್ಚಿದರು. ಅಷ್ಟರಲ್ಲಿ 1972ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ದೀಕ್ಷೆ ಪಡೆದ ಸ್ಯಾಲಿ ಪ್ರೀಸ್ಯಾಂಡ್ ಅವರೇ ಮೊದಲ ಮಹಿಳಾ ರಬ್ಬಿ ಎಂದು ಜನ ನಂಬಿಯಾಗಿತ್ತು.

ಕಾಗದ ಉಳಿದರೆ ನೆನಪು ತಾನಾಗಿ ಉಳಿಯುತ್ತದೆ ಎಂದು ಹಾಗಾಗಿ ನಾನು ಹೇಳಲಾರೆ. ಯೋನಾಸ್ ಅವರನ್ನು ಚೆನ್ನಾಗಿ ಬಲ್ಲವರು ಬದುಕಿ ಬಂದಿದ್ದರು. ಪ್ರಮಾಣಪತ್ರಕ್ಕೆ ಸಹಿ ಹಾಕಿದ ಬೆಕ್ 1956ರವರೆಗೆ ಇದ್ದರು. ಶಿಬಿರಕ್ಕೆ ಹೊಸದಾಗಿ ಬಂದಿಳಿದು ದಿಗ್ಭ್ರಾಂತರಾದವರನ್ನು ರೈಲಿನ ಬಳಿಯೇ ಕಂಡು ಧೈರ್ಯ ಹೇಳುವ ಕೆಲಸಕ್ಕೆ ಯೋನಾಸ್ ಅವರನ್ನು ಜೊತೆಗೆ ಸೇರಿಸಿಕೊಂಡಿದ್ದ ಮನೋವೈದ್ಯ ವಿಕ್ಟರ್ ಫ್ರಾಂಕಲ್ ಯುದ್ಧದ ನಂತರ ಲೋಕಪ್ರಸಿದ್ಧರಾದರು. ಇಬ್ಬರೂ ಅವರ ಹೆಸರನ್ನು ಸಾರ್ವಜನಿಕವಾಗಿ ಎತ್ತಿದವರಲ್ಲ. ಅವರ ಮೌನಕ್ಕೆ ಕಾರಣ ಏನೇ ಇರಲಿ, ಕೊನೆಗೆ ಸಾಕ್ಷಿ ಹೇಳಿದ್ದು ಆ ಕಟ್ಟು.

ಇನ್ನೊಂದು ಕಾಗದ ಬರ್ಲಿನ್ನಿನಲ್ಲಿಲ್ಲ. ಅದು ಟೆರೇಜಿಯನ್‌ಷ್ಟಾಟ್‌ನ ಪತ್ರಾಗಾರದಲ್ಲಿದೆ. ಯೋನಾಸ್ ಆ ಶಿಬಿರದಲ್ಲಿ ಎರಡು ವರ್ಷ ಇದ್ದು, 1944ರ ಅಕ್ಟೋಬರಿನಲ್ಲಿ ಆಶ್ವಿಟ್ಜ್‌ಗೆ ಸಾಗಿಸಲ್ಪಟ್ಟು ಅಲ್ಲಿ ಕೊಲೆಯಾದರು. ಉಳಿದಿರುವುದು ಕೈಬರಹದ ಒಂದು ಪಟ್ಟಿ, ಅವರ 24 ಉಪನ್ಯಾಸಗಳ ಶೀರ್ಷಿಕೆಗಳು: ಐದು ಯಹೂದಿ ಮಹಿಳೆಯರ ಚರಿತ್ರೆಯ ಮೇಲೆ, ಐದು ತಾಲ್ಮುದ್ ಮೇಲೆ, ಎರಡು ಬೈಬಲಿನ ವಿಷಯಗಳ ಮೇಲೆ, ಮೂರು ಸಾಂತ್ವನದ ಕೆಲಸದ ಮೇಲೆ, ಉಳಿದ ಒಂಬತ್ತು ಧರ್ಮದ ನಂಬಿಕೆ, ನೀತಿ ಮತ್ತು ಹಬ್ಬಗಳ ಪರಿಚಯ. ಹಸಿವು, ಕಾಯಿಲೆ, ಸಾವುಗಳ ನಡುವೆ ಹಬ್ಬಗಳ ಬಗ್ಗೆ ಮಾತಾಡಲು ನಿಂತವರ ಆ ಪಟ್ಟಿಗೆ ಹೀಗೊಂದು ತಲೆಬರಹವಿದೆ: "ಏಕೈಕ ಮಹಿಳಾ ರಬ್ಬಿ ರೆಗೀನಾ ಯೋನಾಸ್ ಅವರ ಉಪನ್ಯಾಸಗಳು."