ಆರ್ಹುಸ್‌ನ ಆ ಅಜ್ಜಿಗೆ ಒಂದು ಥ್ಯಾಂಕ್ಸ್

ಹೆಸರು ಕೇಳಲಿಲ್ಲ, ನೀವೂ ಹೇಳಲಿಲ್ಲ. ಡೆನ್ಮಾರ್ಕ್‌ನ ಆರ್ಹುಸ್‌ನ ಅಂಗಡಿಯೊಂದರಲ್ಲಿ, ಹಾಲಿನ ಕಪಾಟಿನ ಮುಂದೆ ಫೋನ್ ಹಿಡಿದು ನಿಂತಿದ್ದ ನನ್ನನ್ನು ನೋಡಿ ನೀವೇ ಮಾತಾಡಿಸಿದಿರಿ.

ಮೊಸರು ಹೆಪ್ಪು ಹಾಕಬೇಕು ಅಂದೆ. ಹಾಗಾದರೆ 'ಸೋಡ್‌ಮೆಲ್ಕ್' ತಗೋ, ಅದರಲ್ಲಿ ಕೊಬ್ಬು 3.5% ಇರುತ್ತೆ, 'ಲೆಟ್‌ಮೆಲ್ಕ್'ನಲ್ಲಿ ಬರೀ 1.5% ಅಂದಿರಿ. ಪಕ್ಕದಲ್ಲೇ ಇದ್ದ 'ಕೆರ್ನೆಮೆಲ್ಕ್' ಮಜ್ಜಿಗೆಯಂತೆ! ಡೇನರೂ ಮಜ್ಜಿಗೆ ಕುಡಿಯುತ್ತಾರೆ ಅಂತ ಯಾರಿಗೆ ಗೊತ್ತಿತ್ತು?

ಸಸ್ಯಾಹಾರಿ ಅಂದ ಮೇಲೆ ನೀವು ಜಾಸ್ತಿ ಹುಷಾರಾದಿರಿ. 'ಕೋಡ್' ಅಂದರೆ ಮಾಂಸ, 'ಸ್ವಿನೆಕೋಡ್' ಹಂದಿಯದು, 'ಓಕ್ಸೆಕೋಡ್' ದನದ್ದು. ಬ್ರೆಡ್ ಮೇಲೆ ಹಚ್ಚುವ 'ಲೆವರ್‌ಪೊಸ್ತಾಯ್' ಯಕೃತ್ತಿನಿಂದ ಮಾಡಿದ್ದು, ಮುಟ್ಟಬೇಡ. ಜೆಲ್ಲಿ ಮಿಠಾಯಿಯಲ್ಲಿ 'ಜೆಲಟಿನ್' ಇದೆಯಾ ನೋಡು. ಮೊಟ್ಟೆ, ಹಾಲು, ಗೋಧಿಯಂಥ ಅಲರ್ಜಿಯ ಪದಾರ್ಥಗಳನ್ನು ಪಟ್ಟಿಯಲ್ಲಿ ಎದ್ದು ಕಾಣುವ ಹಾಗೆ ಅಚ್ಚು ಹಾಕಿರುತ್ತಾರೆ ಅಂತಲೂ ತೋರಿಸಿದಿರಿ.

ಮಸಾಲೆ ಸಾಲಿನಲ್ಲಂತೂ ನನ್ನ ಒಗ್ಗರಣೆಯನ್ನೇ ಉಳಿಸಿದಿರಿ. ನಮ್ಮ ಜೀರಿಗೆ 'ಸ್ಪಿಸ್‌ಕೊಮ್ಮೆನ್'. ಬರೀ 'ಕೊಮ್ಮೆನ್' ಅಂತಿದ್ದರೆ ಅದು ಶಾಜೀರಿಗೆ ಥರದ್ದು, ಬೇರೆಯೇ ವಾಸನೆ. ಬೇಳೆಗೆ 'ಲಿನ್ಸರ್', ಕಡಲೆಗೆ 'ಕಿಕೆರ್ಟರ್'. ಅಕ್ಕಿ ಸುಮ್ನೆ 'ರೀಸ್', ಪುಣ್ಯಕ್ಕೆ ಅದೊಂದು ಸುಲಭ.

ಉಚ್ಚಾರಣೆ ನನಗಿನ್ನೂ ಒಗ್ಗಿಲ್ಲ. ಕಾಗದದಲ್ಲಿರುವ ಅರ್ಧ ಅಕ್ಷರ ಬಾಯಲ್ಲಿ ಕೇಳಿಸೋದೇ ಇಲ್ಲ, ಅಲ್ವಾ? ಆದರೂ ಪ್ರತಿ ಪದವನ್ನೂ ಬೇಸರವಿಲ್ಲದೆ ಮತ್ತೆ ಮತ್ತೆ ಹೇಳಿಕೊಟ್ಟಿರಿ. ಊಟ ಹಾಕಿದವರಿಗೆ 'ತಕ್ ಫಾರ್ ಮಾಡ್' ಅನ್ನಬೇಕು ಅಂತ ಹೇಳಿ, ಬುಟ್ಟಿ ಎತ್ತಿಕೊಂಡು ಹೊರಟೇ ಹೋದಿರಿ. ತುಂಬಾ ಥ್ಯಾಂಕ್ಸ್ ಅಜ್ಜಿ. ಮೊಸರು ಚೆನ್ನಾಗಿ ಹೆಪ್ಪಾಯಿತು.