ಧರೆ ಕುಸಿದದ್ದು ಮೇಘಸ್ಫೋಟದಿಂದಲ್ಲ

ಮಾನ್ಯ ಸಂಪಾದಕರೇ,

ತೀರ್ಥಹಳ್ಳಿ ರಸ್ತೆಯ ತಿರುವಿನಲ್ಲಿ ಧರೆ (ರಸ್ತೆಗಾಗಿ ಕಡಿದ ಗುಡ್ಡದ ಬದಿ) ಕುಸಿದ ಬಗ್ಗೆ ನಿನ್ನೆಯ ವರದಿ ಓದಿ ಮೈ ಉರಿಯಿತು. ‘ಮೇಘಸ್ಫೋಟ, ಹವಾಮಾನ ಬದಲಾವಣೆ, ನಾವೇನು ಮಾಡಲು ಸಾಧ್ಯ’ ಎಂದಿದ್ದಾರೆ ಅಧಿಕಾರಿ. ಮೇಘಸ್ಫೋಟ ಎನ್ನಬೇಕಾದರೆ 20–30 ಚದರ ಕಿ.ಮೀ. ಜಾಗದಲ್ಲಿ ಒಂದೇ ಗಂಟೆಗೆ 100 ಮಿ.ಮೀ. ಮಳೆ ಬೀಳಬೇಕು. ಪಂಚಾಯಿತಿಗಳಲ್ಲಿ ಮಳೆಮಾಪಕ ಇದೆ. ಆ ರಾತ್ರಿಯ ಯಾವ ಗಂಟೆಯಲ್ಲಿ ಅಷ್ಟು ದಾಖಲಾಗಿದೆ, ತೋರಿಸಲಿ. ಸುರಿದದ್ದು ಪುನರ್ವಸು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಬೀಳುವ ಸೀಮೆ ಇದು. ಇಲ್ಲಿ ಜುಲೈನಲ್ಲಿ ಮಳೆ ಬಂತು ಎನ್ನುವುದೂ ಒಂದು ಕಾರಣವೇ?

ಬೇಸಿಗೆಯಲ್ಲಿ ರಸ್ತೆ ಅಗಲ ಮಾಡುವಾಗ ಹಿಟಾಚಿ ಹಚ್ಚಿ ಗುಡ್ಡದ ಬುಡವನ್ನು ನೆಟ್ಟಗೆ ಕಡಿದರು. ಮೇಲಿನ ಜಂಬಿಟ್ಟಿಗೆ ಗಟ್ಟಿ, ಆದರೆ ತೂತು ತೂತು. ನೀರು ಸಲೀಸಾಗಿ ಇಳಿಯುತ್ತದೆ. ಅಡಿಯ ಜೇಡಿ ಪದರ ನೀರು ಕುಡಿದರೆ ಬೆಣ್ಣೆಯಾಗುತ್ತದೆ. ಇಂಥ ಧರೆಯನ್ನು ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು. ಕಡಿದ ಅಂಚಿಗಿಂತ ಮೇಲೆ ಅಡ್ಡಚರಂಡಿ ತೋಡಿ ಗುಡ್ಡದ ನೀರನ್ನು ಬದಿಯ ಹಳ್ಳಕ್ಕೆ ಬಿಡಬೇಕು. ಎರಡೂ ಮಾಡಿಲ್ಲ. ತಡೆಗೋಡೆ ಕಟ್ಟಿದ್ದಾರೆ, ನೀರು ಬಸಿಯುವ ಪೈಪುಗಳ ಬಾಯಿಗೆ ಕಾಂಕ್ರೀಟ್ ಮೆತ್ತಿದೆ. ಗೋಡೆಯ ಹಿಂದೆ ಜಲ್ಲಿ ತುಂಬಬೇಕಾದ ಕಡೆ ಕಡಿದ ಮಣ್ಣನ್ನೇ ತುಂಬಿದ್ದಾರೆ. 3 ಮೀಟರ್ ಎತ್ತರದ ಗೋಡೆಯ ಹಿಂದೆ ನೀರು ನಿಂತರೆ ಪ್ರತಿ ಮೀಟರ್ ಉದ್ದಕ್ಕೆ ನೀರಿನ ಒತ್ತಡವೇ ನಾಲ್ಕೂವರೆ ಟನ್. ಮಣ್ಣಿನದ್ದು ಬೇರೆ. ಗೋಡೆ ಮಗುಚದೆ ಏನಾದೀತು?

ಹವಾಮಾನ ಬದಲಾಗಿಲ್ಲ ಎಂದು ನಾನು ಹೇಳುತ್ತಿಲ್ಲ. ಕೈಗಾರಿಕೆಗಳು ಬರುವ ಮೊದಲು ಗಾಳಿಯ 10 ಲಕ್ಷ ಪಾಲಿನಲ್ಲಿ 280ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯುತ್ತದೆ. ಬಂದಾಗ ಮಳೆ ಒಟ್ಟಿಗೆ ಸುರಿಯುತ್ತದೆ. ಇದು ಗೊತ್ತಿದ್ದ ಮೇಲೆ ಮೋರಿ ದೊಡ್ಡದಾಗಬೇಕಿತ್ತು. ಹಳೆಯ ಕಲ್ಲುಮೋರಿ ಕಿತ್ತು ಸಣ್ಣ ಪೈಪು ಹೂತರು! ಪೈಪಿನ ಅಡ್ಡಳತೆ ಅರ್ಧವಾದರೆ ನೀರಿನ ದಾರಿ ಕಾಲುಭಾಗಕ್ಕೆ ಇಳಿಯುತ್ತದೆ, ಒಂದು ಕೊಂಬೆ ಸಿಕ್ಕಿಕೊಂಡರೆ ಅದೂ ಇಲ್ಲ. ಮಳೆಯ ಹೊಡೆತ ತಡೆಯುತ್ತಿದ್ದ ಮರಗಳನ್ನು ಕಡಿದದ್ದಾಯಿತು. ಬೇರೂ ಹೋಯಿತು, ನೀರು ಇಂಗಿಸುತ್ತಿದ್ದ ಒಣ ಎಲೆಯ ದರಕೂ ಹೋಯಿತು.

ನಾಲ್ಕು ದಿನದಿಂದ ಬಸ್ಸಿಲ್ಲ, ಕರೆಂಟಿಲ್ಲ, ಹಾಲಿನ ಗಾಡಿ ಬರುತ್ತಿಲ್ಲ. ಮಕ್ಕಳು ಕೆಸರಿನಲ್ಲಿ ಧರೆ ಹತ್ತಿಳಿದು ಶಾಲೆಗೆ ಹೋಗುತ್ತಿವೆ. ಅಡಿಕೆ ತೋಟದವರ ಪಾಡಂತೂ ಕೇಳಬೇಡಿ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಕಲಸಿದ ಬೋರ್ಡೋವನ್ನು, ಅಂದರೆ ಕೊಳೆರೋಗ ತಡೆಯುವ ದ್ರಾವಣವನ್ನು, ಅಂದೇ ಹೊಡೆದು ಮುಗಿಸಬೇಕು, ಮರುದಿನಕ್ಕೆ ಅದರ ಹಿಡಿತ ಹೋಗುತ್ತದೆ. ಮಳೆ ಬಿಟ್ಟದ್ದೇ ಒಂದು ಹೊತ್ತು. ಆ ಹೊತ್ತಿಗೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರು ಧರೆಯಾಚೆ, ಕಲಸಿದ ಡ್ರಮ್ಮು ಈಚೆ. ಕೊಳೆರೋಗ ರಸ್ತೆ ಬಿಡಿಸುವವರೆಗೆ ಕಾಯುತ್ತದೆಯೇ?

ಇದು ಇವತ್ತಿನ ಗೋಳಲ್ಲ. ಕೇಬಲ್ ಹಾಕಲು ಚರಂಡಿ ಅಗೆದವರು ಸರಿಯಾಗಿ ಮುಚ್ಚಲಿಲ್ಲ. ಕಡಿದ ಮರಗಳ ಬದಲಿಗೆ ಸಸಿ ನೆಟ್ಟದ್ದು ಮಾರ್ಚ್‌ನಲ್ಲಿ. ನೀರು ಕಾಣದೆ ಒಣಗಿದವು. ಅರ್ಜಿ ಕೊಟ್ಟರೆ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಇನ್ನೊಂದು ಕಚೇರಿಗೆ ಅಟ್ಟುತ್ತಾರೆ, ಅಲ್ಲಿಯೂ ಅದೇ ಉತ್ತರ. ಈಗ ಬಿದ್ದ ಮಣ್ಣನ್ನು ಹೊಳೆದಂಡೆಗೆ ಸುರಿಯುತ್ತಿದ್ದಾರೆ. ಮುಂದಿನ ನೆರೆಗೆ ಹೊಳೆಯನ್ನು ದೂರುತ್ತಾರೆ.

ಮೊದಲು ಪೈಪುಗಳ ಬಾಯಿ ಬಿಡಿಸಲಿ, ಗುಡ್ಡದ ಮೇಲೆ ಚರಂಡಿ ತೋಡಲಿ, ಇಲ್ಲವೇ ಬಿಲ್ಲಿಗೆ ಸಹಿ ಹಾಕಿದವರು ಬಂದು ಧರೆಯ ಕೆಳಗಿನ ಮನೆಯಲ್ಲಿ ಒಂದು ರಾತ್ರಿ ಮಲಗಲಿ. ಆಮೇಲೆ ಮೋಡದ ಮೇಲೆ ತಪ್ಪು ಹೊರಿಸಲಿ. ಮಲೆನಾಡಿನವರಿಗೆ ಮಳೆಯ ಲೆಕ್ಕ ತಿಳಿಯದು ಎಂದುಕೊಳ್ಳುವುದನ್ನು ಬಿಡಲಿ.

– ಒಬ್ಬ ಓದುಗ, ತೀರ್ಥಹಳ್ಳಿ ತಾಲ್ಲೂಕು